ಎಂಐಟಿಯ ಸಪ್ಲೈ ಚೈನ್ ಮೈಕ್ರೋಮಾಸ್ಟರ್ಸ್: ದುಡ್ಡು ಕಟ್ಟುವ ಮುಂಚೆ ಒಂದು ವಿಮರ್ಶೆ

ಮೊದಲೇ ಹೇಳಿಬಿಡುವುದು ಮೇಲು: ಮ್ಯಾನೇಜ್‌ಮೆಂಟ್ ಅನ್ನುವ ಬೋರ್ಡು ತಗುಲಿಸಿಕೊಂಡಿರುವ ಗಣಿತದ ಕೋರ್ಸು ಇದು. ಸಪ್ಲೈ ಚೈನ್ ಅಂದರೆ ಲಾರಿ, ಗೋಡೌನು, ವೆಂಡರ್ ಜೊತೆ ಚೌಕಾಸಿ ಅಂದುಕೊಂಡು ಸೇರುವವರು ಕೆಲವೇ ವಾರಗಳಲ್ಲಿ ಎಕ್ಸೆಲ್‌ನಲ್ಲಿ ಅತ್ಯುತ್ತಮ ಉತ್ತರ ಹುಡುಕಿಕೊಡುವ ಸಾಲ್ವರ್ ಮುಂದೆ ಕೂತು ತಲೆ ಕೆರೆದುಕೊಳ್ಳುತ್ತಾರೆ. ಗಣಿತಕ್ಕೆ ಹೆದರದವರಿಗೆ, ಕೆಲಸ ಬಿಡದೆ ಮನೆಯಲ್ಲೇ ಕೂತು ವಿಶ್ವವಿದ್ಯಾಲಯದ ಮಟ್ಟದಲ್ಲಿ ಈ ವಿಷಯ ಕಲಿಯಬೇಕು ಅನ್ನುವವರಿಗೆ, ಇದಕ್ಕಿಂತ ಗಟ್ಟಿಯಾದದ್ದು ಸಿಗುವುದು ಕಷ್ಟ. ಮಿಕ್ಕವರಿಗೆ ಇದು ಡಾಲರ್ ಲೆಕ್ಕದಲ್ಲಿ ಕೊಂಡ ಪಶ್ಚಾತ್ತಾಪ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಾರಿಗೆ ಮತ್ತು ಲಾಜಿಸ್ಟಿಕ್ಸ್ ಕೇಂದ್ರ 1973ರಿಂದ ನಡೆಯುತ್ತಿದೆ. ಆ ಕೇಂದ್ರದ ಪಾಠಗಳನ್ನೇ ಐದು ಆನ್‌ಲೈನ್ ಕೋರ್ಸಾಗಿ ಕಟ್ಟಿ, ಕೊನೆಗೊಂದು ಸಮಗ್ರ ಪರೀಕ್ಷೆ ಸೇರಿಸಿ, 'ಮೈಕ್ರೋಮಾಸ್ಟರ್ಸ್' ಅಂತ ಹೆಸರಿಟ್ಟು 2015ರ ಅಕ್ಟೋಬರ್‌ನಲ್ಲಿ ಎಂಐಟಿ ಘೋಷಿಸಿತು. ಈಗ ಹತ್ತಾರು ವಿಷಯಗಳಲ್ಲಿ ಈ ಹೆಸರಿನ ಕಾರ್ಯಕ್ರಮಗಳಿವೆ, ಮೊದಲನೆಯದು ಇದೇ. ಎಡ್‌ಎಕ್ಸ್ ವೇದಿಕೆಯಲ್ಲಿ ನಡೆದುಬಂದಿದೆ. ಕೋರ್ಸುಗಳ ನಂಬರು ಸೊನ್ನೆಯಿಂದ ನಾಲ್ಕರವರೆಗೆ: ಅನಲಿಟಿಕ್ಸ್, ಫಂಡಮೆಂಟಲ್ಸ್, ಡಿಸೈನ್, ಡೈನಾಮಿಕ್ಸ್, ಟೆಕ್ನಾಲಜಿ. ಒಂದೊಂದೂ ಸುಮಾರು ಮೂರು ತಿಂಗಳು. ಪ್ರತಿ ವಾರ ವಿಡಿಯೊ, ಅಭ್ಯಾಸದ ಲೆಕ್ಕ, ಅಂಕ ಇರುವ ಲೆಕ್ಕ. ನಡುವೆ ಒಂದು ಪರೀಕ್ಷೆ, ಕೊನೆಗೆ ಇನ್ನೊಂದು. ಪಾಸಾಗಲು 60%. ವಾರಕ್ಕೆ ಹತ್ತು ಗಂಟೆ ತೆಗೆದಿಡಬೇಕು. ಇಂಜಿನಿಯರಿಂಗ್ ಓದಿ ಹತ್ತು ವರ್ಷವಾಗಿದ್ದರೆ ಹದಿನಾಲ್ಕು ಅಂತಲೇ ಇಟ್ಟುಕೊಳ್ಳಿ.

ಯಾವ ಕ್ರಮದಲ್ಲಿ ಬೇಕಾದರೂ ಮಾಡಬಹುದು ಅಂತ ನಿಯಮ ಹೇಳುತ್ತದೆ. ಆ ಸ್ವಾತಂತ್ರ್ಯ ಬಳಸಬೇಡಿ. ಸೊನ್ನೆ ಬಿಟ್ಟು ನೇರ ಒಂದಕ್ಕೆ ಹೋದವರು, ಅಲ್ಲಿ ನಾರ್ಮಲ್ ಡಿಸ್ಟ್ರಿಬ್ಯೂಷನ್ ಬಂದಾಗ ಹಿಂದಕ್ಕೆ ಓಡಬೇಕಾಗುತ್ತದೆ. ದ್ವಿತೀಯ ಪಿಯುಸಿಯ ಸಂಭವನೀಯತೆ, ಮಾನಕ ವಿಚಲನೆ, ವರ್ಗಮೂಲದ ಹಿಡಿತ ಇದ್ದರೆ ಸೊನ್ನೆಗೆ ಸಾಕು. ಅದೂ ಮರೆತಿದ್ದರೆ ಸೇರುವ ಮುಂಚೆ ಹದಿನೈದು ದಿನ ಹಳೆಯ ಪುಸ್ತಕ ತೆಗೆಯಿರಿ.

ಸೊನ್ನೆಯಲ್ಲಿ ಏನಿದೆ?

ಲೀನಿಯರ್ ಪ್ರೋಗ್ರಾಮಿಂಗ್ (ಷರತ್ತುಗಳೊಳಗೇ ಖರ್ಚು ಅತಿ ಕಡಿಮೆ ಮಾಡುವ ಲೆಕ್ಕ), ಪೂರ್ಣಾಂಕದ ಮಾದರಿಗಳು, ಸಂಭವನೀಯತೆ, ರಿಗ್ರೆಷನ್, ಸಿಮ್ಯುಲೇಷನ್. ಬಿಡಿಬಿಡಿಯಾಗಿ ನೋಡಿದರೆ ಯಾವ ಎಂ.ಬಿ.ಎ. ಪಠ್ಯದಲ್ಲೂ ಇರುವ ವಿಷಯಗಳೇ. ಬೇರೆ ಏನಂದರೆ, ಇಲ್ಲಿ ಮಾದರಿಯನ್ನು ನೀವೇ ಬರೆಯಬೇಕು. ಬರೆದಾಗ ಎಡವುವ ಜಾಗಗಳೂ ನಿರ್ದಿಷ್ಟವಾಗಿವೆ.

ಉದಾಹರಣೆಗೆ ಯಾವ ಗೋಡೌನು ತೆರೆಯಬೇಕು, ಯಾವ ಊರಿಗೆ ಎಲ್ಲಿಂದ ಮಾಲು ಕಳಿಸಬೇಕು ಅನ್ನುವ ಲೆಕ್ಕ ತೆಗೆದುಕೊಳ್ಳಿ. 8 ಗೋಡೌನು, 25 ಊರು ಅಂದರೆ 200 ಹರಿವಿನ ಅಂಕಣಗಳು (ಸಾಲ್ವರ್ ಬೆಲೆ ಹುಡುಕಬೇಕಾದ ಎಕ್ಸೆಲ್ ಕೋಶಗಳು), ಜೊತೆಗೆ ತೆರೆಯುವುದೋ ಮುಚ್ಚುವುದೋ ಅನ್ನುವ 8 ಸೊನ್ನೆ-ಒಂದು ಅಂಕಣಗಳು. ಒಟ್ಟು 208. ಎಕ್ಸೆಲ್ ಜೊತೆ ಬರುವ ಸಾಲ್ವರ್‌ನ ಮಿತಿ 200! ಮಾದರಿ ಸರಿಯಿದ್ದರೂ 'ತುಂಬಾ ದೊಡ್ಡದು' ಅಂತ ಅದು ಕೈ ಚೆಲ್ಲುತ್ತದೆ. ಓಪನ್‌ಸಾಲ್ವರ್ ಅನ್ನುವ ಉಚಿತ ಆಡ್-ಇನ್ ಹಾಕಿಕೊಂಡರೆ ಈ ಮಿತಿ ಇಲ್ಲ.

ಇದಕ್ಕಿಂತ ಕೆಟ್ಟ ತಪ್ಪು ಸದ್ದಿಲ್ಲದೆ ಆಗುತ್ತದೆ. ತೆರೆಯದ ಗೋಡೌನಿನಿಂದ ಮಾಲು ಹೊರಡಬಾರದು ಅನ್ನುವ ಷರತ್ತನ್ನು ಬರೆಯುವಾಗ, ಹರಿವು ಒಂದು ದೊಡ್ಡ ಸಂಖ್ಯೆ ಗುಣಿಸು ಸೊನ್ನೆ-ಒಂದು ಅಂಕಣಕ್ಕಿಂತ ಹೆಚ್ಚಿರಬಾರದು ಅಂತ ಬರೆಯುತ್ತೇವೆ. ದೊಡ್ಡದು ತಾನೇ ಅಂತ ಅಲ್ಲಿ ನೂರು ಕೋಟಿ ಹಾಕುವವರಿದ್ದಾರೆ. ಊರಿನ ಬೇಡಿಕೆ 400 ಪೆಟ್ಟಿಗೆ ಅಂದುಕೊಳ್ಳಿ. ಆ ಅಂಕಣದ ಬೆಲೆ 0.0000004 ಇದ್ದರೂ 400 ಪೆಟ್ಟಿಗೆ ಹರಿಯಲು ದಾರಿಯಾಯಿತು. ಅಷ್ಟು ಚಿಕ್ಕದನ್ನು ಸಾಲ್ವರ್ ಸೊನ್ನೆ ಅಂತಲೇ ಒಪ್ಪಿಕೊಳ್ಳಬಹುದು. ಆಗ ಮುಚ್ಚಿದ ಗೋಡೌನಿನಿಂದ, ಬಾಡಿಗೆಯಿಲ್ಲದೆ, ಮಾಲು ಧಾರಾಳವಾಗಿ ಹೋಗುತ್ತದೆ. ಒಟ್ಟು ಖರ್ಚು ನಂಬಲಾರದಷ್ಟು ಕಡಿಮೆ ಬಂದಾಗ ಮೊದಲು ನೋಡಬೇಕಾದ್ದು ಇಲ್ಲಿ. ದೊಡ್ಡ ಸಂಖ್ಯೆಯ ಜಾಗದಲ್ಲಿ ಆ ಊರಿನ ಬೇಡಿಕೆಯನ್ನೇ, ಅಂದರೆ 400 ಅನ್ನೇ, ಹಾಕಿದರೆ ತೊಂದರೆ ಇಲ್ಲ. ಇನ್ನೊಂದು: ಸಾಲ್ವರ್ ಆಯ್ಕೆಗಳಲ್ಲಿ ಪೂರ್ಣಾಂಕದ ಸಡಿಲಿಕೆ 1% ಅಂತ ಮೊದಲೇ ಇರುತ್ತದೆ. ಉತ್ತಮಕ್ಕೆ 1% ಹತ್ತಿರದ ಉತ್ತರ ಸಿಕ್ಕ ಕೂಡಲೇ ಅದು ನಿಂತುಬಿಡುತ್ತದೆ. ಅದನ್ನು 0 ಮಾಡದೆ ಉತ್ತರ ತುಂಬಿದರೆ ಮಾದರಿ ಸರಿ, ಅಂಕ ಮಾತ್ರ ಹೋಯಿತು.

ಒಂದನೇ ಕೋರ್ಸಿಗಾಗಿಯೇ ಸೇರಬಹುದು

ಬೇಡಿಕೆಯ ಅಂದಾಜು, ಸ್ಟಾಕು, ಸಾಗಣೆ: ಈ ಮೂರೂ ಒಂದನೇ ಕೋರ್ಸಿನಲ್ಲಿವೆ. ಐದರಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ ಅನ್ನಬಹುದು, ಸೊನ್ನೆ ಇಲ್ಲದೆ ಇದು ದಕ್ಕುವುದಿಲ್ಲ ಅನ್ನುವುದೊಂದೇ ತಕರಾರು. ಪಾಠ ಮಾಡುವ ಎಂಐಟಿಯ ಕ್ರಿಸ್ ಕ್ಯಾಪ್ಲಿಸ್ ಅವರ ಪಾಠದ ಶೈಲಿ ಇಲ್ಲಿ ಎದ್ದು ಕಾಣುತ್ತದೆ. ಸೂತ್ರಕ್ಕೆ ಮುಂಚೆ ಅದು ಯಾವ ಖರ್ಚನ್ನು ಯಾವ ಖರ್ಚಿನ ಎದುರು ತೂಗುತ್ತಿದೆ ಅಂತ ಹೇಳಿ, ಆಮೇಲೆ ಸೂತ್ರಕ್ಕೆ ಬರುತ್ತಾರೆ.

ಈ ಭಾಗದ ಸ್ವಾರಸ್ಯ ತಿಳಿಯಲು ಒಂದು ಲೆಕ್ಕ ಮಾಡೋಣ. ಒಬ್ಬ ಸ್ಟಾಕಿಸ್ಟ್ ವಾರಕ್ಕೆ ಸರಾಸರಿ 240 ಪಂಪಿನ ಬಿಡಿಭಾಗ ಮಾರುತ್ತಾನೆ, ವರ್ಷಕ್ಕೆ 50 ವಾರ ಅಂದರೆ 12,000. ಒಂದರ ಬೆಲೆ 400 ರೂಪಾಯಿ. ಒಂದನ್ನು ವರ್ಷ ಪೂರ್ತಿ ಇಟ್ಟುಕೊಳ್ಳುವ ಖರ್ಚು ಬೆಲೆಯ 20%, ಅಂದರೆ 80 ರೂಪಾಯಿ. ಪ್ರತಿ ಆರ್ಡರಿನ ಖರ್ಚು 1,500. ಸಲಕ್ಕೆ ಎಷ್ಟು ತರಿಸಿದರೆ ಖರ್ಚು ಅತಿ ಕಡಿಮೆ ಅಂತ ಹೇಳಲು ಫೋರ್ಡ್ ಹ್ಯಾರಿಸ್ 1913ರಲ್ಲೇ ಕೊಟ್ಟ ಸೂತ್ರದ ಪ್ರಕಾರ 2 × 12,000 × 1,500 ಅನ್ನು 80ರಿಂದ ಭಾಗಿಸಿ ವರ್ಗಮೂಲ ತೆಗೆದರೆ 671 ಬರುತ್ತದೆ. ಸಲಕ್ಕೆ ಅಷ್ಟು ತರಿಸಿದರೆ ಆರ್ಡರು ಮತ್ತು ಇಡುವ ಖರ್ಚು ಸೇರಿ ವರ್ಷಕ್ಕೆ ಸುಮಾರು 53,700 ರೂಪಾಯಿ. ಕಂಪನಿಯವರು ಸಾವಿರದ ಲಾಟಿನಲ್ಲೇ ಕೊಡುವುದು ಅಂದರೆ? ಖರ್ಚು 58,000. ಆರ್ಡರು ಒಂದೂವರೆ ಪಟ್ಟು ಬೆಳೆದರೂ ಖರ್ಚು ಏರಿದ್ದು 8% ಮಾತ್ರ. ಸೂತ್ರದ ಉತ್ತರಕ್ಕಿಂತ ಅದು ಎಷ್ಟು ಸಡಿಲ ಅನ್ನುವುದೇ ಇಲ್ಲಿ ಕಲಿಯಬೇಕಾದ್ದು. ಬಹಳ ಕಾಲೇಜುಗಳಲ್ಲಿ ಸೂತ್ರ ಬಾಯಿಪಾಠವಾಗಿ ಪಾಠ ಮುಗಿಯುತ್ತದೆ, ಈ ಸಡಿಲದ ಮಾತು ಬರುವುದೇ ಇಲ್ಲ.

ಈಗ ಸೇಫ್ಟಿ ಸ್ಟಾಕಿಗೆ, ಅಂದರೆ ಬೇಡಿಕೆ ಏರಿದರೂ ಖಾಲಿಯಾಗದಿರಲು ಹೆಚ್ಚುವರಿ ಇಡುವ ಮಾಲಿಗೆ, ಬನ್ನಿ. ವಾರದ ಬೇಡಿಕೆಯ ಮಾನಕ ವಿಚಲನೆ 60, ಮಾಲು ಬರಲು ಸರಾಸರಿ 4 ವಾರ. ಆರ್ಡರ್ ಹಾಕಿ ಮಾಲು ಬರುವವರೆಗಿನ ಈ ಲೀಡ್ ಟೈಮ್ ಗಡಿಯಾರದ ಹಾಗೆ ನಡೆಯುತ್ತದೆ ಅಂದುಕೊಂಡರೆ, 60ನ್ನು 4ರ ವರ್ಗಮೂಲದಿಂದ ಗುಣಿಸಿ 120. ನೂರರಲ್ಲಿ 95 ಸಲ ಸ್ಟಾಕ್ ಖಾಲಿಯಾಗದಿರಲು 1.645ರಿಂದ ಗುಣಿಸಿ: 197. ಆದರೆ ಲಾರಿ ಗಡಿಯಾರ ನೋಡುವುದಿಲ್ಲ. ಲೀಡ್ ಟೈಮ್‌ಗೂ ಒಂದು ವಾರದ ಏರಿಳಿತ ಇದೆ ಅಂದರೆ, 4 × 3,600 ಕ್ಕೆ 240ರ ವರ್ಗವನ್ನು, ಅಂದರೆ 57,600 ಅನ್ನು, ಕೂಡಿಸಿ ವರ್ಗಮೂಲ ತೆಗೆಯಬೇಕು. 268 ಬಂತು, ಸೇಫ್ಟಿ ಸ್ಟಾಕ್ 441. ಇಮ್ಮಡಿಗಿಂತ ಹೆಚ್ಚು. ಆ ಹೆಚ್ಚುವರಿ 244 ಭಾಗಗಳನ್ನು ಇಟ್ಟುಕೊಳ್ಳಲು ವರ್ಷಕ್ಕೆ ಹತ್ತೊಂಬತ್ತೂವರೆ ಸಾವಿರ.

ಮುಂದಿನ ಹೆಜ್ಜೆಯಲ್ಲಿ ತಮಾಷೆ ಇದೆ. ಸಪ್ಲೈಯರ್ ಹತ್ತಿರ ಜಗಳವಾಡಿ ಸರಾಸರಿ ಲೀಡ್ ಟೈಮನ್ನು 4ರಿಂದ 2 ವಾರಕ್ಕೆ ಇಳಿಸಿದಿರಿ, ಏರಿಳಿತ ಹಾಗೇ ಇದೆ ಅನ್ನಿ. ಸೇಫ್ಟಿ ಸ್ಟಾಕ್ 441ರಿಂದ 419ಕ್ಕೆ ಬಂತು. ಉಳಿದದ್ದು 22. ಅದರ ಬದಲು ನಾಲ್ಕು ವಾರ ನಾಲ್ಕೇ ಇರಲಿ, ಏರಿಳಿತವನ್ನು ಒಂದು ವಾರದಿಂದ ಅರ್ಧ ವಾರಕ್ಕೆ ತನ್ನಿ ಅಂದರೆ 279. ಉಳಿದದ್ದು 162. ಬೇಗ ಬರುವ ಸಪ್ಲೈಯರಿಗಿಂತ ಹೇಳಿದ ದಿನಕ್ಕೆ ಬರುವ ಸಪ್ಲೈಯರು ಅಗ್ಗ ಅಂತ ಪರ್ಚೇಸ್ ವಿಭಾಗದ ಹಳಬರು ಅನುಭವದಿಂದ ಹೇಳುವುದುಂಟು. ಎಷ್ಟು ಅಗ್ಗ ಅಂತ ಹೇಳಲು ಈ ಕೋರ್ಸು ಬೇಕು.

ಇದೇ ಭಾಗದಲ್ಲಿ ಪರೀಕ್ಷೆಯಲ್ಲಿ ಹೆಚ್ಚು ಜನ ಮುಗ್ಗರಿಸುವ ಜಾಗ ಒಂದಿದೆ. '95% ಸರ್ವಿಸ್' ಅಂದರೆ ಎರಡು ಅರ್ಥ. ನೂರು ಆರ್ಡರ್ ಸುತ್ತಿನಲ್ಲಿ 95ರಲ್ಲಿ ಸ್ಟಾಕ್ ಖಾಲಿಯಾಗಬಾರದು ಅನ್ನುವುದು ಒಂದು. ಗಿರಾಕಿ ಕೇಳಿದ ನೂರು ಪೀಸಿನಲ್ಲಿ 95 ಕೈಗೆ ಸಿಗಬೇಕು ಅನ್ನುವುದು ಇನ್ನೊಂದು. ಮೇಲಿನ ಲೆಕ್ಕದಲ್ಲಿ ಎರಡನೆಯದನ್ನು ಹಿಡಿದರೆ, ಸಲಕ್ಕೆ 671 ತರಿಸುವಾಗ ಗುಣಕ 1.645 ಹೋಗಿ ಸುಮಾರು 0.78 ಆಗುತ್ತದೆ, ಸೇಫ್ಟಿ ಸ್ಟಾಕ್ 441 ಹೋಗಿ 209. ಪ್ರಶ್ನೆಯಲ್ಲಿ ಯಾವ 95 ಅಂತ ಎರಡು ಸಲ ಓದದೆ ಎಕ್ಸೆಲ್ ತೆರೆಯಬೇಡಿ. ಆಫೀಸಿನಲ್ಲೂ ಅಷ್ಟೇ: ಮಾರಾಟದವರು ಒಂದನ್ನು ಹೇಳುತ್ತಾರೆ, ಪ್ಲಾನಿಂಗ್‌ನವರು ಇನ್ನೊಂದನ್ನು ಕೇಳಿಸಿಕೊಳ್ಳುತ್ತಾರೆ, ಗೋಡೌನು ತುಂಬುತ್ತದೆ.

ಉತ್ತರ ತಿದ್ದುವುದು ಕಂಪ್ಯೂಟರು ಅನ್ನುವುದನ್ನೂ ನೆನಪಿಡಬೇಕು. ಗುಣಕವನ್ನು 1.64 ಅಂತ ಹಾಕಿದರೆ 440, 1.65 ಅಂದರೆ 443. ನಡುವೆ ಎಲ್ಲೂ ಸಂಖ್ಯೆ ಕತ್ತರಿಸದೆ ಕೊನೆಯಲ್ಲಿ ಮಾತ್ರ ಪೂರ್ಣಾಂಕ ಮಾಡುವ ಅಭ್ಯಾಸ ಮೊದಲ ವಾರದಿಂದಲೇ ಬೇಕು. ವಾರದ ಬೇಡಿಕೆಗೆ ದಿನದ ಲೀಡ್ ಟೈಮ್ ಗುಣಿಸುವುದು ಇನ್ನೊಂದು ಹಳೆಯ ರೋಗ. ಶೀಟಿನ ಪ್ರತಿ ಅಂಕಣದ ಮೇಲೆ 'ವಾರಕ್ಕೆ', 'ವರ್ಷಕ್ಕೆ' ಅಂತ ಬರೆದಿಟ್ಟರೆ ಈ ರೋಗ ಹತ್ತಿರ ಸುಳಿಯುವುದಿಲ್ಲ.

ಬೇಡಿಕೆ ಅಂದಾಜಿನ ಭಾಗವೂ ಒಳ್ಳೆಯದೇ, ಸ್ಟಾಕಿನ ಭಾಗದಷ್ಟು ಬಿಗಿಯಾಗಿಲ್ಲ. ಎಕ್ಸ್‌ಪೊನೆನ್ಷಿಯಲ್ ಸ್ಮೂದಿಂಗ್, ಹೋಲ್ಟ್, ಹೋಲ್ಟ್-ವಿಂಟರ್ಸ್ ವಿಧಾನಗಳು ಕ್ರಮವಾಗಿ ಬರುತ್ತವೆ. ಹನ್ನೆರಡು ತಿಂಗಳ ಋತುಮಾನದ ಸೂಚ್ಯಂಕಗಳ ಮೊತ್ತ 12 ಆಗುವಂತೆ ಪ್ರತಿ ಸಲ ಸರಿಪಡಿಸುವುದನ್ನು ಮರೆತರೆ ಅಂದಾಜು ನಿಧಾನಕ್ಕೆ ಮೇಲಕ್ಕೋ ಕೆಳಕ್ಕೋ ಜಾರುತ್ತದೆ. ತಿಂಗಳುಗಟ್ಟಲೆ ಸೊನ್ನೆ ಇದ್ದು ಒಮ್ಮೆ ಮಾತ್ರ ಮಾರಾಟವಾಗುವ ಬಿಡಿಭಾಗಗಳಿಗೆ ಶೇಕಡಾವಾರು ತಪ್ಪಿನ ಅಳತೆ ನಡೆಯುವುದಿಲ್ಲ, ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಅಂಥ ಕಡೆ 1972ರ ಕ್ರಾಸ್ಟನ್ ವಿಧಾನ ಬೇಕು.

ಎರಡನೇ ಕೋರ್ಸಿಗೆ ನಾವು ಸೇರಿಸಿಕೊಳ್ಳಬೇಕಾದ್ದು

ಗೋಡೌನುಗಳ ಜಾಲ, ಉತ್ಪಾದನಾ ಯೋಜನೆ, ಖರೀದಿ, ಹಣಕಾಸು. ಹರವು ದೊಡ್ಡದು, ಆಳ ಒಂದೇ ಸಮ ಇಲ್ಲ. ಜಾಲದ ವಿನ್ಯಾಸ ಚೆನ್ನಾಗಿದೆ, ಖರೀದಿ ಪರವಾಗಿಲ್ಲ, ಸಂಸ್ಥೆಯ ರಚನೆಯ ಕುರಿತ ವಾರ ಸಪ್ಪೆ.

ಅಮೆರಿಕದ ನೆಲದ ಮೇಲೆ ಕಟ್ಟಿದ ಕೋರ್ಸು ಅನ್ನುವುದು ಇಲ್ಲೇ ಗೊತ್ತಾಗುವುದು. ಮೈಲಿ, ಡಾಲರ್ ಬದಲಿಸಿಕೊಳ್ಳುವುದು ಸುಲಭ. ಇಲ್ಲದ ಅಂಶವನ್ನು ಸೇರಿಸಿಕೊಳ್ಳುವುದು ಕಷ್ಟ. 2017ರ ಜುಲೈ 1ರಂದು ಜಿಎಸ್‌ಟಿ ಬರುವ ಮುಂಚೆ ನಮ್ಮಲ್ಲಿ ಕಂಪನಿಗಳು ರಾಜ್ಯಕ್ಕೊಂದು ಡಿಪೋ ಇಟ್ಟಿದ್ದವು. ಒಂದು ರಾಜ್ಯದಿಂದ ಇನ್ನೊಂದಕ್ಕೆ ನೇರ ಮಾರಿದರೆ ಕೇಂದ್ರ ಮಾರಾಟ ತೆರಿಗೆ 2%, ತನ್ನದೇ ಡಿಪೋಗೆ ಸ್ಟಾಕ್ ಟ್ರಾನ್ಸ್‌ಫರ್ ಮಾಡಿ ಅಲ್ಲಿಂದ ಮಾರಿದರೆ ಆ ತೆರಿಗೆ ಇಲ್ಲ. 20 ಲಕ್ಷದ ಸರಕಿನ ಒಂದು ಲಾರಿಗೆ 40,000 ರೂಪಾಯಿ ಉಳಿಯುತ್ತದೆ ಅಂದಮೇಲೆ ಸಾಗಣೆಯ ಲೆಕ್ಕವನ್ನು ಯಾರು ಕೇಳುತ್ತಾರೆ? ಕೋರ್ಸಿನ ಮಾದರಿಯಲ್ಲಿ ರಾಜ್ಯದ ಗಡಿ ದಾಟುವ ಪ್ರತಿ ಗೋಡೌನು-ಊರು ಜೋಡಿಗೆ ಸಾಗಣೆ ಖರ್ಚಿನ ಜೊತೆ ಸರಕಿನ ಬೆಲೆಯ 2% ಸೇರಿಸಿ ಒಮ್ಮೆ ಓಡಿಸಿ, ತೆಗೆದು ಇನ್ನೊಮ್ಮೆ ಓಡಿಸಿ. ಮೊದಲನೆಯದರಲ್ಲಿ ರಾಜ್ಯದ ಗಡಿಯೊಳಗೆ ಗೋಡೌನು ತೆರೆದುಕೊಳ್ಳುತ್ತಾ ಹೋಗುತ್ತವೆ, ಎರಡನೆಯದರಲ್ಲಿ ಮುಚ್ಚಿಕೊಳ್ಳುತ್ತವೆ. ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ ಕಡೆ ದೊಡ್ಡ ದೊಡ್ಡ ಗೋಡೌನು ಎದ್ದುದರ ಹಿಂದಿನ ಕಾರಣಗಳಲ್ಲಿ ಒಂದು ನಿಮ್ಮ ಶೀಟಿನಲ್ಲೇ ಕಾಣುತ್ತದೆ.

ನಾಲ್ಕು ಡಿಪೋ ಸೇರಿಸಿ ಒಂದು ಮಾಡಿದರೆ ಸೇಫ್ಟಿ ಸ್ಟಾಕ್ ಅರ್ಧಕ್ಕೆ ಇಳಿಯುತ್ತದೆ ಅನ್ನುವ ವರ್ಗಮೂಲದ ನಿಯಮ ಎಲ್ಲರಿಗೂ ಇಷ್ಟ. ಪ್ರತಿ ಡಿಪೋದ ಏರಿಳಿತ 100 ಇದ್ದರೆ ಬಿಡಿಬಿಡಿಯಾಗಿ ಒಟ್ಟು 400, ಒಂದೇ ಕಡೆ ಇಟ್ಟರೆ 200. ಊರುಗಳ ಬೇಡಿಕೆಗೆ ಒಂದಕ್ಕೊಂದು ಸಂಬಂಧ ಇಲ್ಲದಿದ್ದರೆ ಮಾತ್ರ ಈ ಮಾತು ನಿಜ. ದೀಪಾವಳಿಗೆ ಹುಬ್ಬಳ್ಳಿಯಲ್ಲೂ ಮೈಸೂರಲ್ಲೂ ಒಟ್ಟಿಗೇ ಬೇಡಿಕೆ ಏರುತ್ತದೆ. ಪರಸ್ಪರ ಸಂಬಂಧದ ಗುಣಾಂಕ 0.5 ಅಂತ ಹಿಡಿದರೆ 200ರ ಜಾಗದಲ್ಲಿ 316 ಬರುತ್ತದೆ. ಉಳಿತಾಯ ಅರ್ಧದಿಂದ ಐದನೇ ಒಂದರಷ್ಟಕ್ಕೆ ಇಳಿಯಿತು. ಡಿಪೋ ಮುಚ್ಚುವ ಪ್ರಸ್ತಾವ ಬರೆಯುವವರು ಈ ಗುಣಾಂಕವನ್ನು ಮೊದಲು ತೆಗೆಯಬೇಕು.

ಸರಕಿನ ಲಾರಿಯ ಜೊತೆ ಇರಬೇಕಾದ ಇ-ವೇ ಬಿಲ್ ಈ ಕೋರ್ಸಿನಲ್ಲಿ ಇಲ್ಲ, ಇರುವುದೂ ಬೇಡ. ಆದರೆ ಇಲ್ಲಿ ಕೆಲಸ ಮಾಡುವವರು ಅದನ್ನು ಲೆಕ್ಕಕ್ಕೆ ತರಲೇಬೇಕು: 50,000 ರೂಪಾಯಿ ಮೀರಿದ ಸರಕಿಗೆ ಬಿಲ್, ಸಾಮಾನ್ಯ ಸರಕಾದರೆ 200 ಕಿ.ಮೀ.ಗೆ ಒಂದು ದಿನದಂತೆ ಅವಧಿ. ರಿಟರ್ನ್ ಲೋಡು ಸಿಗದ ರೂಟಿನಲ್ಲಿ ಲಾರಿಯವರು ಹೇಳುವ ಬಾಡಿಗೆ, ಇಳಿಸುವುದು ತಡವಾದರೆ ಬೀಳುವ ಹಾಲ್ಟಿಂಗ್ ಚಾರ್ಜು, ಪಾರ್ಟ್ ಲೋಡು ಫುಲ್ ಲೋಡಿಗೆ ಕಾಯುತ್ತಾ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೊಳೆಯುವ ದಿನಗಳು, ಇವೆಲ್ಲ ಕೊನೆಗೆ ಬಂದು ಸೇರುವುದು ಲೀಡ್ ಟೈಮಿನ ಏರಿಳಿತದಲ್ಲಿ. ಅದು ಎಷ್ಟು ದುಬಾರಿ ಅಂತ ಮೇಲೆ ನೋಡಿದೆವು.

ಮೂರು, ನಾಲ್ಕು

ಮೂರನೆಯದು ಡೈನಾಮಿಕ್ಸ್. ಗಣಿತ ಸ್ವಲ್ಪ ಹಗುರ, ಓದು ಹೆಚ್ಚು. ಅಂಗಡಿಯಲ್ಲಿ ಸಣ್ಣದಾಗಿ ಅಲುಗಾಡಿದ ಬೇಡಿಕೆ ಕಾರ್ಖಾನೆ ತಲುಪುವಾಗ ದೊಡ್ಡ ಅಲೆಯಾಗಿರುತ್ತದೆ ಅನ್ನುವ ಬುಲ್‌ವಿಪ್ ಪರಿಣಾಮ ಇಲ್ಲಿಯ ಮುಖ್ಯ ಎಳೆ. ಇದನ್ನು ಓದುವಾಗ ಬಿಯರ್ ಗೇಮ್ ಒಮ್ಮೆ ಆಡಿಯೇ ನೋಡಬೇಕು. 1960ರ ಸುಮಾರಿಗೆ ಜೇ ಫಾರೆಸ್ಟರ್ ಅವರ ತಂಡ ಎಂಐಟಿಯಲ್ಲೇ ಕಟ್ಟಿದ ಆಟ ಅದು. ಅಂಗಡಿ, ಹೋಲ್‌ಸೇಲ್, ಡಿಸ್ಟ್ರಿಬ್ಯೂಟರ್, ಕಾರ್ಖಾನೆ ಅಂತ ನಾಲ್ಕು ಜನ. ಒಬ್ಬರ ಜೊತೆ ಒಬ್ಬರು ಮಾತಾಡುವಂತಿಲ್ಲ, ಆರ್ಡರ್ ಚೀಟಿ ಮಾತ್ರ. ಗಿರಾಕಿಯ ಬೇಡಿಕೆ ವಾರಕ್ಕೆ 4 ಇದ್ದದ್ದು ಒಮ್ಮೆ 8 ಆಗಿ ಅಲ್ಲೇ ನಿಲ್ಲುತ್ತದೆ. ಅಷ್ಟಕ್ಕೇ ಕಾರ್ಖಾನೆಯ ಆರ್ಡರು ಹುಚ್ಚೆದ್ದು ಕುಣಿಯುತ್ತದೆ. ಕಾರಣ ಆಟಗಾರರ ದಡ್ಡತನ ಅಲ್ಲ. ಆರ್ಡರ್ ಹಾಕಿಯಾಗಿದ್ದು ಇನ್ನೂ ಬಂದಿರದ ಮಾಲನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮಲ್ಲಿ ಮಾರ್ಚ್ ಕೊನೆಯ ವಾರ ಟಾರ್ಗೆಟ್ ಮುಟ್ಟಲು ಡೀಲರ್ ಗೋಡೌನಿಗೆ ಮಾಲು ತಳ್ಳಿ ಏಪ್ರಿಲ್‌ನಲ್ಲಿ ಆರ್ಡರೇ ಇಲ್ಲ ಅಂತ ಕೂರುವುದೂ ಇದೇ ರೋಗದ ಇನ್ನೊಂದು ರೂಪ.

ಅಂತರರಾಷ್ಟ್ರೀಯ ಸಾಗಣೆಯ ಪಾಠಗಳು ಹಡಗಿನ ಬದಿಯಿಂದ ಚೆನ್ನಾಗಿವೆ. ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೋದಿಂದ ರೈಲಿನಲ್ಲಿ ಚೆನ್ನೈ ಬಂದರಿಗೆ ಹೋಗುವ ಕಂಟೇನರಿನ ಮೊದಲ ಹಂತವನ್ನು ಮಾತ್ರ ನೀವೇ ಸೇರಿಸಿಕೊಳ್ಳಬೇಕು.

ನಾಲ್ಕನೆಯದು ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಎಸ್‌ಕ್ಯೂಎಲ್, ಮಷಿನ್ ಲರ್ನಿಂಗ್‌ನ ಪರಿಚಯ, ಇಡೀ ಕಂಪನಿಯ ಲೆಕ್ಕ ಇಡುವ ಇಆರ್‌ಪಿ ಮತ್ತು ಗೋಡೌನು ನಡೆಸುವ ಸಾಫ್ಟ್‌ವೇರುಗಳ ಬಗ್ಗೆ. ಐಟಿಯವರಿಗೆ ನೀರು ಕುಡಿದಷ್ಟು ಸುಲಭ, ಬೇರೆಯವರಿಗೆ ಎಸ್‌ಕ್ಯೂಎಲ್ ಭಾಗ ನಿಜಕ್ಕೂ ಉಪಯೋಗ. ಎರಡು ಟೇಬಲ್ ಜೋಡಿಸುವಾಗ ಒಂದು ಆರ್ಡರಿಗೆ ಮೂರು ಡೆಲಿವರಿ ಸಾಲು ಇದ್ದರೆ ಆರ್ಡರಿನ ಮೊತ್ತ ಮೂರು ಸಲ ಕೂಡಿಕೊಳ್ಳುತ್ತದೆ ಅನ್ನುವುದೊಂದನ್ನು ಕಲಿತರೂ ಲಾಭವೇ. ಉಳಿದದ್ದು ಬೇಗ ಹಳತಾಗುವ ಸರಕು.

ಸಮಗ್ರ ಪರೀಕ್ಷೆ, ಹಣ, ದಿನಾಂಕ

ಐದೂ ಕೋರ್ಸಿನಲ್ಲಿ ದುಡ್ಡು ಕಟ್ಟಿ ಪಾಸಾಗಿ ಪಡೆದ ದೃಢೀಕೃತ ಸರ್ಟಿಫಿಕೇಟ್ ಇದ್ದವರಿಗೆ ಮಾತ್ರ ಕೊನೆಯ ಪರೀಕ್ಷೆ. ಕ್ಯಾಮೆರಾ ಕಣ್ಗಾವಲಿನಲ್ಲಿ, ಹೊತ್ತು ಕಟ್ಟಿ ನಡೆಯುತ್ತದೆ. ಇಲ್ಲಿ ಅಧ್ಯಾಯದ ಹೆಸರು ಹೇಳಿ ಪ್ರಶ್ನೆ ಕೇಳುವುದಿಲ್ಲ. ಒಂದು ಕಂಪನಿಯ ಸ್ಥಿತಿ ಕೊಟ್ಟು, ಅದರಲ್ಲೇ ಅಂದಾಜು, ಸ್ಟಾಕು, ಜಾಲ ಎಲ್ಲ ಬೆರೆಸಿ ಕೇಳುವ ಬಗೆ. ಸೊನ್ನೆ ಮತ್ತು ಕೊನೆಯ ಪರೀಕ್ಷೆಯ ನಡುವೆ ಒಂದೂವರೆ ವರ್ಷ ಕಳೆದಿರುತ್ತದೆ, ಸಾಲ್ವರ್ ಮರೆತಿರುತ್ತದೆ. ತಯಾರಿಗೆ ಕೇಂದ್ರವೇ ಕೊಡುವ ಮುಖ್ಯ ಪರಿಕಲ್ಪನೆಗಳ ಪಿಡಿಎಫ್ ಒಂದು ಸಾಕು, ಜೊತೆಗೆ ನಿಮ್ಮದೇ ಎಕ್ಸೆಲ್ ಶೀಟುಗಳು. ಪ್ರತಿ ಕೋರ್ಸಿನ ಶೀಟನ್ನೂ ಇನ್ನೊಬ್ಬರು ತೆರೆದರೆ ಅರ್ಥವಾಗುವ ಹಾಗೆ ಹೆಸರಿಟ್ಟು, ಇನ್‌ಪುಟ್ ಅಂಕಣಗಳಿಗೆ ಬಣ್ಣ ಹಾಕಿ ಇಟ್ಟವರು ಗೆದ್ದರು.

ಶುಲ್ಕ ಡಾಲರಿನಲ್ಲಿ, ಕೋರ್ಸಿಗೆ ಕೆಲವು ನೂರು. ಐದು ಕೋರ್ಸು ಮತ್ತು ಪರೀಕ್ಷೆ ಸೇರಿದರೆ ರೂಪಾಯಿಯಲ್ಲಿ ದೊಡ್ಡ ಮೊತ್ತವೇ ಆಗುತ್ತದೆ ಅಂತ ಮನಸ್ಸಿನಲ್ಲಿಟ್ಟುಕೊಂಡು, ಕಾರ್ಡಿನ ವಿದೇಶಿ ವಿನಿಮಯ ಶುಲ್ಕವನ್ನೂ ಕೂಡಿಸಿ. ಎಲ್ಲಕ್ಕೂ ಒಟ್ಟಿಗೆ ಕಟ್ಟುವ ರಿಯಾಯಿತಿ ಕಣ್ಣಿಗೆ ಬಿದ್ದರೂ ಸೊನ್ನೆ ಮುಗಿಯುವವರೆಗೆ ಕಟ್ಟಬೇಡಿ. ಅಲ್ಲೇ ಬಿಟ್ಟುಬಿಡುವವರೂ ಇದ್ದಾರೆ.

ದಿನಾಂಕದ ವಿಷಯಕ್ಕೆ ಬಂದರೆ, ಬೇಕಾದಾಗ ಶುರು ಮಾಡಿ ಬೇಕಾದಾಗ ಮುಗಿಸುವ ಕೋರ್ಸು ಇದಲ್ಲ. ಪ್ರತಿ ಕೋರ್ಸಿಗೂ ಶುರುವಿನ ದಿನ ಇದೆ. ತಪ್ಪಿದರೆ ಮುಂದಿನ ಸುತ್ತಿಗೆ ತಿಂಗಳುಗಟ್ಟಲೆ ಕಾಯಬೇಕು. ಗಡುವುಗಳು ಯುಟಿಸಿ ಅನ್ನುವ ಅಂತರರಾಷ್ಟ್ರೀಯ ಸಮಯದಲ್ಲಿ ಇರುತ್ತವೆ, ಐದೂವರೆ ಗಂಟೆ ಕೂಡಿಸಿಕೊಂಡು ಫೋನಿನ ಕ್ಯಾಲೆಂಡರಿಗೆ ಹಾಕಿ. ವರ್ಷಾಂತ್ಯದ ಕ್ಲೋಸಿಂಗ್ ಇರುವ ಆಫೀಸಿನವರು ಮಾರ್ಚ್‌ನಲ್ಲಿ ಪರೀಕ್ಷೆ ಬೀಳುವ ಸುತ್ತನ್ನು ಬಿಟ್ಟು ಮುಂದಿನದಕ್ಕೆ ಸೇರುವುದು ಜಾಣತನ.

ಇದರಿಂದ ಪದವಿ ಸಿಗುತ್ತದೆಯೇ? ಇದೊಂದರಿಂದ ಸಿಗುವುದಿಲ್ಲ. ಎಂಐಟಿಯಲ್ಲಿ ಬ್ಲೆಂಡೆಡ್ ಅನ್ನುವ ದಾರಿ ಇದೆ: ಮೈಕ್ರೋಮಾಸ್ಟರ್ಸ್ ಮುಗಿಸಿದವರು ಅರ್ಜಿ ಹಾಕಿ ಆಯ್ಕೆಯಾದರೆ, ಜನವರಿಯಿಂದ ಒಂದು ಸೆಮಿಸ್ಟರ್ ಮಾತ್ರ ಕ್ಯಾಂಪಸ್ಸಿನಲ್ಲಿ ಓದಿ ಸ್ನಾತಕೋತ್ತರ ಪದವಿ ಪಡೆಯಬಹುದು. ಪೂರ್ಣಾವಧಿಯವರಿಗೆ ಹತ್ತು ತಿಂಗಳು. ಈ ದಾರಿಯ ಮೊದಲ ತಂಡ 2018ರ ಜನವರಿಯಲ್ಲಿ ಕ್ಯಾಂಪಸ್ಸಿಗೆ ಹೋಯಿತು. ಬೇರೆ ದೇಶಗಳ ಕೆಲವು ವಿಶ್ವವಿದ್ಯಾಲಯಗಳೂ ಇದಕ್ಕೆ ಕ್ರೆಡಿಟ್ ಕೊಡುತ್ತವೆ, ಒಂದೊಂದರ ಷರತ್ತು ಒಂದೊಂದು ಥರ. ನಮ್ಮಲ್ಲಿ 'ಎಂ.ಬಿ.ಎ. ಕಡ್ಡಾಯ' ಅಂತ ಬರೆದಿರುವ ನೇಮಕಾತಿಗೆ ಇದು ಬದಲಿ ಆಗುವುದಿಲ್ಲ. ಪ್ಲಾನಿಂಗ್, ಅನಲಿಟಿಕ್ಸ್ ಹುದ್ದೆಯ ಸಂದರ್ಶನದಲ್ಲಿ ಸರ್ಟಿಫಿಕೇಟಿಗಿಂತ ಮೇಲಿನ ಥರದ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿ ತೋರಿಸುವುದು ಕೆಲಸಕ್ಕೆ ಬರುತ್ತದೆ.

ಕೊರತೆಗಳಲ್ಲಿ ದೊಡ್ಡದು ಡೇಟಾ. ಕೋರ್ಸಿನಲ್ಲಿ ಕೊಡುವ ಅಂಕಿಗಳು ತೊಳೆದು ಒಣಗಿಸಿ ಮಡಿಸಿಟ್ಟ ಬಟ್ಟೆಯಂತಿರುತ್ತವೆ. ಕಾರ್ಖಾನೆಯ ಇಆರ್‌ಪಿಯಿಂದ ತೆಗೆದ ಫೈಲಿನಲ್ಲಿ ಒಂದೇ ವಸ್ತುವಿಗೆ ಮೂರು ಕೋಡು, ಸ್ಟಾಕ್ ಇಲ್ಲದ ತಿಂಗಳಲ್ಲಿ ಮಾರಾಟ ಸೊನ್ನೆ. ಆ ಸೊನ್ನೆಯನ್ನು ಬೇಡಿಕೆ ಇಲ್ಲ ಅಂತ ಓದಿದರೆ ಅಂದಾಜು ಕೆಳಗಿಳಿದು, ಮುಂದಿನ ತಿಂಗಳು ಇನ್ನೂ ಕಡಿಮೆ ತರಿಸಿ, ಮತ್ತೆ ಖಾಲಿಯಾಗುತ್ತದೆ. ಇದನ್ನು ಹಿಡಿಯುವ ಕಣ್ಣು ಇಲ್ಲಿ ಬರುವುದಿಲ್ಲ. ಎರಡನೆಯದು, ಜೊತೆಗೆ ಕೂತು ಜಗಳವಾಡುವ ಸಹಪಾಠಿಗಳಿಲ್ಲ. ಚರ್ಚಾ ವೇದಿಕೆ ಚುರುಕಾಗಿದೆ, ಆದರೆ ಅಲ್ಲಿ ನಡೆಯುವುದು ಲೆಕ್ಕದ ಚರ್ಚೆ. ಮಾರಾಟ, ಉತ್ಪಾದನೆ, ಹಣಕಾಸು ವಿಭಾಗದವರನ್ನು ಒಂದೇ ಅಂಕಿಗೆ ಒಪ್ಪಿಸುವುದು ಕ್ಲಾಸ್‌ರೂಮಿನಲ್ಲೇ ಕಲಿಯುವಂಥದ್ದು. ಅದು ಬೇಕಿದ್ದವರು ಐಐಎಂ ಮುಂಬೈ ಥರದ ಕಡೆ ಪೂರ್ಣಾವಧಿ ಓದಲಿ. 2023ರವರೆಗೆ ನೀಟಿ ಅನ್ನಿಸಿಕೊಂಡಿದ್ದು ಅದೇ, ಈ ವಿಷಯದಲ್ಲಿ ಹಳೆಯ ಹೆಸರು. ಕಾರ್ಖಾನೆಯೊಳಗಿನ ಪ್ಲಾನಿಂಗ್ ಪದ್ಧತಿ ಮಾತ್ರ ಸಾಕು ಅನ್ನುವವರಿಗೆ, ಮೊದಲು ಅಪಿಕ್ಸ್ ಅಂತಿದ್ದ ಎಎಸ್‌ಸಿಎಂ ಸಂಸ್ಥೆಯ ಸಿಪಿಐಎಂ ಅನ್ನುವ ಪ್ಲಾನಿಂಗ್ ಮತ್ತು ಸ್ಟಾಕ್ ನಿರ್ವಹಣೆಯ ಸರ್ಟಿಫಿಕೇಟ್ ಹತ್ತಿರದ ದಾರಿ.

ಖರ್ಚಿಲ್ಲದೆ ಪರೀಕ್ಷಿಸಿಕೊಳ್ಳಲು ಎರಡು ಉಪಾಯ. ಐಐಟಿಗಳ ಪಾಠಗಳಿರುವ ಎನ್‌ಪಿಟಿಇಎಲ್ ಜಾಲತಾಣದಲ್ಲಿ ಆಪರೇಷನ್ಸ್ ರಿಸರ್ಚ್ ಅಥವಾ ಸಪ್ಲೈ ಚೈನ್ ಕೋರ್ಸೊಂದನ್ನು ನೋಡಿ. ವಿಡಿಯೊ ಉಚಿತ, ಪರೀಕ್ಷೆ ಬೇಕಿದ್ದರೆ ಮಾತ್ರ ಶುಲ್ಕ. ಇಲ್ಲವೇ ಸೊನ್ನೆ ಕೋರ್ಸನ್ನು ದುಡ್ಡು ಕಟ್ಟದೆ ಆಡಿಟ್ ಮಾಡಿ, ಅಂದರೆ ಸರ್ಟಿಫಿಕೇಟಿಲ್ಲದೆ ಪಾಠ ಮಾತ್ರ ನೋಡಿ. ಎರಡನೇ ವಾರದ ಅಭ್ಯಾಸದ ಲೆಕ್ಕಗಳನ್ನು ಉತ್ತರ ನೋಡದೆ, ಖಾಲಿ ಶೀಟಿನಿಂದ ಶುರು ಮಾಡಿ, ಒಂದು ಭಾನುವಾರದಲ್ಲಿ ಮುಗಿಸಲು ಆದರೆ ಕಾರ್ಡ್ ತೆಗೆಯಿರಿ. ದೃಢೀಕೃತ ದಾರಿಗೆ ಬದಲಾಯಿಸಲೂ ಒಂದು ಕೊನೆಯ ದಿನ ಇರುತ್ತದೆ, ಕೋರ್ಸಿನ ಪುಟದಲ್ಲಿ ಅದನ್ನು ಮೊದಲು ನೋಡಿಟ್ಟುಕೊಳ್ಳಿ.